ಬಿಸಿಲಿನ ತಪ್ಪಲ್ಲ

ಅತ್ತೆಯ ಎಡಗಿವಿಯ ಕೆಳಗಿನಿಂದ ಕೊರಳಿನವರೆಗೆ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು. ಹಸಿ ಶೇಂಗಾದ ಸಿಪ್ಪೆಯ ಮೇಲೆ ಇರುತ್ತವಲ್ಲ, ಹಾಗೆ ಗೆರೆ ಗೆರೆ. ಸಿಟ್ಟು ಬಂದರೆ ಮೊದಲು ಆ ಜಾಗ ಕೆಂಪಾಗುತ್ತಿತ್ತು, ಮುಖ ಆಮೇಲೆ. ಚಿಕ್ಕವರಿದ್ದಾಗ ನಾವು ಅವಳ ಮುಖ ನೋಡುತ್ತಿರಲಿಲ್ಲ, ಕೊರಳು ನೋಡಿ ಓಡುತ್ತಿದ್ದೆವು. ಮದುವೆ ಮನೆಗಳಲ್ಲಿ ಯಾರಾದರೂ ಮೆಲ್ಲಗೆ, "ಸೆರಗು ಈ ಕಡೆ ಹೊತ್ತಕೋರಿ, ಫೋಟೋದಾಗ ಕಾಣೂದಿಲ್ಲ" ಎಂದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು. "ಕಾಣಲಿ ಬಿಡ್ರಿ. ನಾ ಏನ್ ಕಳವು ಮಾಡಾಕ ಹೋಗಿ ಸುಟ್ಟಕೊಂಡೇನೇನು?"

ಅವಳು ನನ್ನ ತಂದೆಯ ಅಕ್ಕ. ಹುಟ್ಟಿದ್ದು ಬಸವನ ಬಾಗೇವಾಡಿಯಲ್ಲಿ, ಕೊಟ್ಟಿದ್ದು ಚಡಚಣಕ್ಕೆ. ಮಾವ ಬೇಗ ತೀರಿಕೊಂಡ ಮೇಲೆ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ಇಬ್ಬರು ಮಕ್ಕಳು, ಒಂದು ಬಿಳಿ ಕಾರು ಎಲ್ಲ ಅವಳ ಕೈಗೆ ಬಂದವು. ಯಾವುದನ್ನೂ ಅವಳು ಮೆಲ್ಲಗೆ ಮಾತಾಡಿ ನಡೆಸಲಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಮನಸ್ಸು ತಿಳಿಯಾಗಿರಬೇಕು ಅನ್ನುತ್ತಾರೆ. ನನ್ನದು ಇನ್ನೂ ಕುದಿಯುತ್ತಿದೆ. ಅದು ತಿಳಿಯಾಗಲಿ ಎಂದು ಕಾಯುತ್ತ ಕೂತರೆ ನಾನು ಬರೆಯುವುದೇ ಇಲ್ಲ. ಅದಕ್ಕೆ ಹೀಗೇ ಬರೆಯುತ್ತೇನೆ.

ಆ ಸುಟ್ಟ ಕಲೆಯ ಕಥೆ ಮೊದಲು. ಕಾರು ಮನೆಗೆ ಬಂದ ಮೊದಲ ಬೇಸಿಗೆ. ಮಾವ ಇನ್ನೂ ಇದ್ದರು. ಸಿಂದಗಿಯಲ್ಲಿ ನಮ್ಮ ಮನೆಗೆ ಬಂದು ಇಂಡಿಯ ದಾರಿಯಾಗಿ ಊರಿಗೆ ಹೊರಟಾಗ ನಡುದಾರಿಯಲ್ಲಿ ಇಂಜಿನ್ ಕುದ್ದು ಗಾಡಿ ನಿಂತಿತು. ಬೇವಿನ ಗಿಡದ ಕೆಳಗೆ ಕೂತ ಹಿರಿಯರೊಬ್ಬರು ಎದ್ದು ಬಂದು, "ಮುಚ್ಚಳಾ ತೆಗೀರಿ, ಅದಕ್ಕ ಉಸರ ಕಟ್ಟೈತಿ" ಎಂದು ಬುದ್ಧಿ ಹೇಳಿದರು. ಮಾವ ಹಿಂದೆ ಮುಂದೆ ನೋಡಿದರು. ಅತ್ತೆ ಸೆರಗಿನ ತುದಿ ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುವಿದಳು. ಒಳಗಿನ ಕುದಿನೀರು, ಹಬೆ ಎರಡೂ ಒಟ್ಟಿಗೆ ಹಾರಿ ಅವಳ ಕೊರಳಿಗೆ ಬಡಿದವು. ಆಸ್ಪತ್ರೆಯಲ್ಲಿ ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರಂತೆ, ಏನು ಬಿಸಿಲವ್ವ ಈ ವರ್ಷ, ಗಾಡಿಗೂ ತಡೆಯಲಾಗಲಿಲ್ಲ ಎಂದು. ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವಳು ಅಲ್ಲಿಂದಲೇ ಶುರು ಮಾಡಿದಳು.

"ಬಿಸಿಲಿನ ತಪ್ಪಲ್ಲ. ಬಿಸಿಲು ತನ್ನ ಕೆಲಸ ಮಾಡತೈತಿ. ನಾವು ನಮ್ಮ ಕೆಲಸ ಮಾಡಿಲ್ಲ."

ಈ ಮಾತನ್ನು ಆಮೇಲೆ ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹಾಲು ಒಡೆದರೂ ಅದೇ, ಮೊಮ್ಮಗನಿಗೆ ಮೂಗಿನಲ್ಲಿ ರಕ್ತ ಬಂದರೂ ಅದೇ. ನಮ್ಮ ಕಡೆಯ ಜನ ಎಲ್ಲ ಪಾಪವನ್ನೂ ಬಿಸಿಲಿನ ತಲೆಗೆ ಕಟ್ಟುತ್ತೇವೆ. ಅವಳು ಕಟ್ಟಲು ಬಿಡುತ್ತಿರಲಿಲ್ಲ.

ಹೋಳಿ ಹುಣ್ಣಿಮೆ ದಾಟಿತೆಂದರೆ ಕಾರಿನ ಸೇವೆ ಆರಂಭ. ಮುಂದಿನ ಜಾಲರಿಯೊಳಗೆ ಸತ್ತ ಹುಳ, ಗಾಳಿಗೆ ಹಾರಿಬಂದ ಕಬ್ಬಿನ ಒಣ ಎಲೆ ರವದಿಯ ಚೂರು ಸಿಕ್ಕಿಕೊಂಡಿರುತ್ತಿದ್ದವು. ಕಸಬರಿಗೆಯ ಕಡ್ಡಿ ಹಿಡಿದು ಒಂದೊಂದನ್ನೇ ತೆಗೆಯುತ್ತಿದ್ದಳು. ಒಮ್ಮೆ ಸರ್ವಿಸಿಂಗ್ ಮಾಡುವವನು ಜೋರು ನೀರು ಬಿಟ್ಟು ರೇಡಿಯೇಟರಿನ ತೆಳ್ಳಗಿನ ತಗಡುಗಳನ್ನು ಮಡಚಿಬಿಟ್ಟ. ಅವನಿಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೋರಿನ ನೀರನ್ನಂತೂ ಗಾಡಿಯ ಹತ್ತಿರ ತರಗೊಡುತ್ತಿರಲಿಲ್ಲ. "ಈ ಸವಳು ನೀರ ಕುಡದು ನಮ್ಮ ಹೊಟ್ಯಾಗ ಕಲ್ಲ ಆಗ್ಯಾವು. ಅದರ ಹೊಟ್ಯಾಗೂ ಮಾಡಬೇಕೇನು?" ಎಂದು ಕೂಲಂಟನ್ನೇ ತರಿಸುತ್ತಿದ್ದಳು.

ಇದೆಲ್ಲ ಅವಳು ಯಾವ ಮೆಕ್ಯಾನಿಕ್‌ನಿಂದಲೂ ಕಲಿತದ್ದಲ್ಲ. ಒಣದ್ರಾಕ್ಷಿಯ ಶೆಡ್ಡು ಕಲಿಸಿತ್ತು. ನೋಡದವರಿಗೆ ದ್ರಾಕ್ಷಿ ಬಿಸಿಲಿಗೆ ಒಣಗುತ್ತದೆ ಅನಿಸುತ್ತದೆ. ಶೆಡ್ಡಿನಲ್ಲಿ ಅದು ನೆರಳಿನಲ್ಲಿ, ಬಲೆಯ ಅಟ್ಟಗಳ ಮೇಲೆ, ಗಾಳಿಗೆ ಒಣಗಿ ಮನೂಕವಾಗುತ್ತದೆ. "ಶೆಡ್ಡಿಗೆ ಪಡದಾ ಕಟ್ಟಿ ಗಾಳಿ ನಿಲ್ಲಿಸಿದರ ಮನೂಕ ಕೊಳತ ಹೋಗತಾವು. ಗಾಡೀದೂ ಅಷ್ಟ. ಅದರ ಮೂತೀ ಮುಚ್ಚಬಾರದು. ಗಾಳಿ ಒಳಗ ಹೋಗಬೇಕು" ಎಂದು ನನಗೆ ಕಾರು ಕಲಿಸುವಾಗ ಹೇಳಿದಳು. ಕ್ಲಚ್ಚು, ಗೇರು ಎಲ್ಲ ಆಮೇಲೆ. ಮೊದಲ ದಿನದ ಪಾಠ ಗಾಡಿ ಚಾಲೂ ಮಾಡಿ ಸುಮ್ಮನೆ ಕೂಡುವುದು. ಇಂಜಿನ್ ಕಾಯ್ದು ಮುಂದಿನ ಫ್ಯಾನ್ ಗರ್ ಎಂದು ತಿರುಗುವ ತನಕ ಅವಳು ಬಲಗೈಯ ಬೆರಳು ಮೇಲೆತ್ತಿ ಕೂಡುತ್ತಿದ್ದಳು. ಆಗ ಯಾರೂ ಮಾತಾಡುವಂತಿಲ್ಲ. ಸಪ್ಪಳ ಕೇಳಿದ ಮೇಲೆ ಬೆರಳು ಇಳಿಯುತ್ತಿತ್ತು. "ಹಾಂ. ಈಗ ನಡಿ." ಬೇಸಿಗೆಯಲ್ಲಿ ದೂರದ ಹಾದಿ ಇದ್ದರೆ ಈ ಬೆರಳಿನ ಶಾಸ್ತ್ರ ತಪ್ಪಿದ್ದೇ ಇಲ್ಲ. ಬೀದಿಯವರು ನೋಡಿ ನಗುತ್ತಿದ್ದರು. ನಕ್ಕರೆ ಕೊರಳು ಕೆಂಪಾಗುತ್ತಿತ್ತು, ಬೆರಳು ಮಾತ್ರ ಇಳಿಯುತ್ತಿರಲಿಲ್ಲ.

ಒಮ್ಮೆ ತಂಗಡಗಿಗೆ ಹೋಗಿ ಹೊಳೆಯಲ್ಲಿ ಸ್ನಾನ ಮಾಡಿ, ದೇವರು ನೋಡಿಕೊಂಡು ಬರುತ್ತಿದ್ದೆವು. ಮುದ್ದೇಬಿಹಾಳ ದಾಟಿದ ಮೇಲೆ ಟೆಂಪರೇಚರಿನ ಮುಳ್ಳು ಮೇಲೇರತೊಡಗಿತು. ನೆತ್ತಿಯ ಮೇಲೆ ಬಿಸಿಲು, ಗಾಡಿಯ ತುಂಬ ನಾವು, ನನ್ನ ತಾಯಿಯ ತೊಡೆಯ ಮೇಲೆ ತಮ್ಮನ ಕೂಸು. ಅತ್ತೆ ಏಸಿ ಆರಿಸಿ, ಕಿಟಕಿ ಇಳಿಸಿ, ಹೀಟರ್ ಚಾಲೂ ಮಾಡಿದಳು. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಹೀಟರ್. ಒಲೆಯ ಮುಂದೆ ಕೂತ ಹಾಗಾಯಿತು. ನಾನು ಸಿಟ್ಟಿಗೆದ್ದು, "ಅತ್ತಿ, ತಲಿ ಕೆಟ್ಟೈತೇನು ನಿನಗ?" ಎಂದೆ.

"ಇಂಜಿನ್ದಾಗಿನ ಕಾವು ಒಳಗ ಎಳಕೊಳ್ಳಾಕತ್ತೇನಿ. ನೀವು ಬೆಂದರ ಬೆವರ ಬರತೈತಿ, ಅಷ್ಟ. ಅದು ಬೆಂದರ ಯಾರೂ ಮನಿ ಮುಟ್ಟಾಂಗಿಲ್ಲ. ಬಾಯಿ ಮುಚ್ಚಿಕೊಂಡ ಕೂಡು, ಖೋಡಿ."

ಮುಳ್ಳು ಇಳಿಯಿತು. ನಿಡಗುಂದಿಯ ಹತ್ತಿರ ನೆರಳಿಗೆ ನಿಲ್ಲಿಸಿ, ಇಂಜಿನ್ ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆದು ಕೂಲಂಟ್ ತುಂಬಿದಳು. ನಾವೆಲ್ಲ ಬೆವರಿನಲ್ಲಿ ತೊಯ್ದು ಮುಖ ಊದಿಸಿಕೊಂಡು ಕೂತಿದ್ದೆವು. ಅವಳು ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದಳು. ಅದೇ ಅವಳು ಕೇಳಿದ ಕ್ಷಮೆ ಎಂದು ತಿಳಿದುಕೊಳ್ಳಬೇಕಿತ್ತು. ಬಾಯಿಬಿಟ್ಟು ಕೇಳುವ ಪೈಕಿ ಅವಳಲ್ಲ.

ಅವಳ ಸಿಟ್ಟಿಗೆ ದೊಡ್ಡ ಗುರಿ ಎಂದರೆ ಗಾಡಿಯ ಮುಂದೆ ಕಟ್ಟುವ ಅಲಂಕಾರ. ಈಗ ಎಲ್ಲದಕ್ಕೂ ಫ್ಲೆಕ್ಸ್. ಹುಟ್ಟುಹಬ್ಬಕ್ಕೆ, ಮದುವೆಗೆ, ಪಾದಯಾತ್ರೆಗೆ, ಗೆದ್ದದ್ದಕ್ಕೆ, ಸೋತದ್ದಕ್ಕೆ. ಅದನ್ನು ಕಟ್ಟಲು ನಮ್ಮವರಿಗೆ ಸಿಗುವ ಜಾಗವೂ ಒಂದೇ, ಗಾಡಿಯ ಮೂತಿ. ಉಸಿರಾಡುವ ಜಾಗಕ್ಕೇ ಪ್ಲಾಸ್ಟಿಕ್ ಬಿಗಿದು, ಅದರ ಮೇಲೆ ಹೂವಿನ ಜಾಲ ಹಾಕಿ, ಮೇ ತಿಂಗಳಲ್ಲಿ ಮೆರವಣಿಗೆ. ಝಳಕಿಯ ಹೋಟೆಲ್ ಮುಂದೆ ಅಪರಿಚಿತರ ಕಾರುಗಳಿಂದ ಅವಳು ಫ್ಲೆಕ್ಸ್ ಕಿತ್ತದ್ದನ್ನು ನಾನೇ ಕಂಡಿದ್ದೇನೆ. ಒಬ್ಬ ಡ್ರೈವರ್ ಚಹಾ ಬಿಟ್ಟು ಜಗಳಕ್ಕೆ ಬಂದ. ಅವಳು ಅವನ ಕೈ ಹಿಡಿದು ಬಾನೆಟ್ಟಿನ ಮೇಲೆ ಒತ್ತಿದಳು. ಅವನು ಚುರ್ ಎಂದು ಕೈ ಎಳೆದುಕೊಂಡ.

"ನೋಡಿದಿ? ನಿನಗ ಅಂಗೈಗೆ ಆಗೂದಿಲ್ಲ. ಅದರ ಬಾಯಿಗೆ ಅರಿವಿ ತುರುಕಿ ಓಡು ಅಂತಿ."

ಅವನು ಬೈಯುತ್ತಲೇ ಉಳಿದರ್ಧ ಫ್ಲೆಕ್ಸ್ ತಾನೇ ಬಿಚ್ಚಿದ. ಮನೆಗೆ ಬಂದರೆ ದೊಡ್ಡವರ ಉಪದೇಶ ಕಾದಿರುತ್ತಿತ್ತು. ಹೆಂಗಸಿಗೆ ಇಷ್ಟು ಸಿಟ್ಟು ಇರಬಾರದು. ಊರ ಉಸಾಬರಿ ನಿನಗೇಕೆ. ಸ್ವಲ್ಪ ಸಮಾಧಾನ ಕಲಿ. ಇವೇ ಮಾತುಗಳನ್ನು ಇಡೀ ಆಯುಷ್ಯ ಅವಳ ಕಿವಿಗೆ ಸುರಿದರು. ಅವಳು ಕಲಿಯಲಿಲ್ಲ. ಕಲಿಯದೆ ಇದ್ದಷ್ಟು ದಿನ ಅವಳ ಗಾಡಿ ಹತ್ತಿದವರೆಲ್ಲ ಸುಖವಾಗಿ ಊರು ಸೇರಿದರು. ಒಂದೇ ಒಂದು ಸಲ ಕಲಿತಳು.

ಅದು ಹೋದ ವರ್ಷದ ಬೇಸಿಗೆ. ನಾನು ಸಿಂದಗಿಯಲ್ಲಿ ಶಾಲೆಯ ಮೇಷ್ಟರಿಕೆ ಮಾಡುವವಳು, ಸೂಟಿ ಇತ್ತೆಂದು ಚಡಚಣಕ್ಕೆ ಹೋಗಿದ್ದೆ. ಅತ್ತೆಯ ಮಗಳನ್ನು ಕೊಟ್ಟ ಮನೆಯಲ್ಲಿ, ಎಂದರೆ ಬೀಗರ ಮನೆಯಲ್ಲಿ ಮದುವೆ. ಮದುಮಗಳನ್ನು ಕರೆದೊಯ್ಯಲು ಅತ್ತೆಯ ಬಿಳಿ ಕಾರು ಕೇಳಿದರು. ಕೊಟ್ಟಳು. ಮದುವೆ ಮುಗಿಸಿ ಕಾರು ಮನೆಗೆ ಮರಳಿದಾಗ ಅದರ ಮೂತಿಯ ಅಗಲಕ್ಕೂ ಫ್ಲೆಕ್ಸ್. ವಧೂವರರ ಫೋಟೋ, ಹೆಸರು, ಮೇಲೆ ಪ್ಲಾಸ್ಟಿಕ್ ಹೂವಿನ ಜಾಲ, ಎಲ್ಲವನ್ನೂ ತಂತಿಯಿಂದ ಬಿಗಿದಿದ್ದರು. ಜೊತೆಗೆ ಬಂದ ಬೀಗತಿ ಇಳಿಯುತ್ತಲೇ ಹೇಳಿದಳು, "ಮದುಮಕ್ಕಳ ಕಂಕಣ ಬಿಚ್ಚೂತನಾ ಇದನ್ನ ತೆಗೀಬ್ಯಾಡ್ರೀ. ಮದುವಿ ಗಾಡಿ ಅದು. ಬರೀ ಮೂತಿ ಇರಬಾರದು."

ಯಾವ ಶಾಸ್ತ್ರದಲ್ಲಿ ರೇಡಿಯೇಟರಿಗೆ ಕಂಕಣ ಕಟ್ಟಿದ್ದಾರೋ ನಾನು ಕಾಣೆ. ನಮ್ಮಜ್ಜಿಯ ಕಾಲದಲ್ಲಿ ಕಾರೇ ಇರಲಿಲ್ಲ. ಯಾರೋ ಮೊನ್ನೆ ಹುಟ್ಟಿಸಿದ ಮಾತು ಇವತ್ತು ಹಿರಿಯರ ಪದ್ಧತಿಯಾಗಿ ಕೂತಿದೆ. ಅತ್ತೆಯ ಕೊರಳು ಕೆಂಪಾಯಿತು. ಅವಳ ಕೈ ಫ್ಲೆಕ್ಸಿನ ಮೂಲೆಗೆ ಹೋಗಿಯೂ ಆಗಿತ್ತು. ಆಗ ಅವಳ ಮಗಳು ಅಡ್ಡ ಬಂದು ಆ ಕೈ ಹಿಡಿದಳು.

"ಅವ್ವಾ, ಇದೊಂದ ಸಲ ಸುಮ್ನಿರು. ನಾ ಆ ಮನ್ಯಾಗ ಬಾಳೇವು ಮಾಡಬೇಕು."

ಅತ್ತೆ ಮಗಳ ಮುಖ ನೋಡಿದಳು. ಕೈ ಹಿಂದೆ ತೆಗೆದುಕೊಂಡು ಬೀಗತಿಗೆ, "ಬರ್ರಿ, ಚಾ ಕುಡೀರಿ" ಎಂದಳು. ಕೊರಳು ಕೆಂಪಗಿತ್ತು, ದನಿ ಮಾತ್ರ ಮೆತ್ತಗಿತ್ತು. ಅಂಥ ದನಿ ಅವಳಲ್ಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಹೊತ್ತು ನೆನೆಸಿಕೊಂಡರೆ ನನಗೆ ಅವಳ ಮೇಲೆಯೇ ಮೈ ಉರಿಯುತ್ತದೆ. ಎಂದೂ ಇಲ್ಲದ ಸಮಾಧಾನ ಅವತ್ತೇ ಎಲ್ಲಿಂದ ತಂದೆ ಅತ್ತಿ?

ಮರುದಿನ ಊಟವಾದ ಮೇಲೆ ಅವಳಿಗೆ ಎದೆ ಹಿಂಡತೊಡಗಿತು. ಬೆವರು ಹರಿಯಿತು, ಎಡಗೈ ಸೋತಿತು. ಊರಿನ ಡಾಕ್ಟರು ಗುಳಿಗೆ ಕೊಟ್ಟು, ತಡ ಮಾಡದೆ ವಿಜಯಪುರಕ್ಕೆ ಒಯ್ಯಿರಿ ಎಂದರು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಇನ್ನೊಂದು ಊರಿಗೆ ಹೋಗಿತ್ತು. ಅಂಗಳದಲ್ಲಿ ಕಾರು ನಿಂತಿದೆ, ಕಾಯುವುದೇಕೆ? ಅತ್ತೆಯ ಮಗ ಚಾಲೂ ಮಾಡಿದ. ನಾನು ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ತಾಯಿಗೆ ತಂಪಿರಲಿ ಎಂದು ಅವನು ಏಸಿಯನ್ನು ಪೂರ್ತಿ ಏರಿಸಿದ. ಗಾಡಿ ಹಾರಿಸಿಕೊಂಡು ಹೋದ.

ಝಳಕಿ ಇನ್ನೂ ದೂರವಿರುವಾಗ ಅತ್ತೆ ಕಣ್ಣು ಮುಚ್ಚಿಕೊಂಡೇ ಬಲಗೈಯ ಬೆರಳು ಮೇಲೆತ್ತಿದಳು. ನನಗೆ ತಿಳಿಯಿತು. ನಾನೂ ಕಿವಿಗೊಟ್ಟೆ. ಮುಂದಿನ ಫ್ಯಾನ್ ಒಂದೇ ಸಮನೆ ಒದರುತ್ತಿತ್ತು.

"ಫ್ಯಾನ್ ನಿಂದ್ರವಲ್ದು. ಗಾಳಿ ಸಿಗವಲ್ದು ಅದಕ್ಕ. ಇಳದು ಆ ಫ್ಲೆಕ್ಸ್ ಕಿತ್ತ ಹಾಕೋ" ಎಂದಳು.

"ನಿಲ್ಲಸೂದು ಬ್ಯಾಡವ್ವ. ಹೊತ್ತ ಆಕ್ಕೈತಿ. ಝಳಕಿ ದಾಟಲಿ" ಎಂದ ಮಗ.

ನಿಲ್ಲಿಸು ಎಂದು ನಾನೂ ಕಿರುಚಿದೆ. ಅವನಿಗೆ ರಸ್ತೆ ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು.

"ಹಂಗಾರ ಏಸಿ ಆರಿಸು. ಹೀಟರ್ ಹಚ್ಚು."

"ನಿನಗ ಮೊದಲ ಬೆವರ ಕಿತ್ತೈತಿ ಅವ್ವಾ. ನಾ ಹೆಂಗ ಹಚ್ಚಲಿ?"

"ನಾ ತಡೀತೇನಿ. ಇಂಜಿನ್ ತಡ್ಯಾಂಗಿಲ್ಲ."

ಅವನು ಹಚ್ಚಲಿಲ್ಲ. ತಾಯಿಯ ಮೇಲಿನ ಪ್ರೀತಿಯಿಂದ ಹಚ್ಚಲಿಲ್ಲ. ಅವನಿಗೆ ನಾನು ಇದನ್ನು ಎಂದೂ ಎತ್ತಿ ಆಡಿಲ್ಲ, ಅವನು ದಿನಾ ತಾನೇ ಆಡಿಕೊಳ್ಳುತ್ತಾನೆ. ಆದರೆ ಆ ಪ್ರೀತಿಯ ಮೇಲೂ ನನಗೆ ಸಿಟ್ಟಿದೆ. ಅವಳು ಮಕ್ಕಳನ್ನು ಸಾಕಿದ ಪ್ರೀತಿ ಬೇರೆ ತರಹದ್ದು. ಅದು ಬೈಯುತ್ತಿತ್ತು, ಬೇಯಿಸುತ್ತಿತ್ತು, ಕೊನೆಗೆ ಮನೆ ಮುಟ್ಟಿಸುತ್ತಿತ್ತು.

ಝಳಕಿ ದಾಟಿದೆವು. ಸ್ವಲ್ಪ ಮುಂದೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು, ಇಂಜಿನ್ ಕಟಕಟ ಎಂದು ಆರಿಹೋಯಿತು. ಹೆದ್ದಾರಿಯ ಬದಿಗೆ ನಿಂತೆವು. ನಮ್ಮ ಜನ ಒಳ್ಳೆಯವರು, ಕಂಡಕೂಡಲೇ ಓಡಿ ಬಂದರು. ಒಬ್ಬರು ಕೊಡ ತುಂಬ ನೀರು ತಂದರು, ಒಬ್ಬಾಕೆ ಅತ್ತೆಗೆಂದು ಬೆಲ್ಲದ ಚೂರು ಹಿಡಿದುಕೊಂಡು ಬಂದಳು. ಅಷ್ಟರಲ್ಲಿ ಯಾರೋ ಮಗನಿಗೆ, "ಮುಚ್ಚಳಾ ತೆಗದು ನೀರ ಸುರೀರಿ, ಲಗೂನ ಆರತೈತಿ" ಎಂದರು. ಅವನು ಟವೆಲ್ ಕೈಗೆ ಸುತ್ತಿಕೊಂಡು ಬಗ್ಗಿದ.

ಎದೆ ಹಿಡಿದುಕೊಂಡು ಮಲಗಿದ್ದವಳು ಒಮ್ಮೆಗೇ ಮೊಳಕೈ ಊರಿ ಎದ್ದಳು. ಅವಳ ದನಿ ಹೆದ್ದಾರಿಯ ಆಚೆ ದಂಡೆಗೂ ಕೇಳಿರಬೇಕು.

"ಮುಚ್ಚಳಾ ಮುಟ್ಟಬ್ಯಾಡಲೇ."

ಅವನ ಕೈ ನಿಂತಿತು. ಅತ್ತೆ ನನ್ನ ತೊಡೆಯ ಮೇಲೆ ಮತ್ತೆ ಒರಗಿದಳು. ಅವಳು ಆಡಿದ ಕೊನೆಯ ಮಾತು ಅದೇ. ಉಳಿದ ಉಸಿರೆಲ್ಲ ಖರ್ಚು ಮಾಡಿ ಮಗನ ಮುಖ ಉಳಿಸಿದಳು.

ಉಳ್ಳಾಗಡ್ಡಿ ಹೇರಿಕೊಂಡು ಹೊರಟ ಪಿಕಪ್ ಗಾಡಿಯವನು ಚೀಲ ಸರಿಸಿ ಜಾಗ ಮಾಡಿಕೊಟ್ಟ. ನಾನು ಕೊಡೆ ಹಿಡಿದು ಕೂತೆ. ಆಸ್ಪತ್ರೆಯ ಮುಂದೆ ಅವಳನ್ನು ಇಳಿಸುವಾಗ ಸುತ್ತಲೂ ಕಾದ ಗಾಳಿ, ಅವಳ ಕೈ ಮಾತ್ರ ತಣ್ಣಗಿತ್ತು. ಸ್ವಲ್ಪ ಮೊದಲು ಬಂದಿದ್ದರೆ ಬದುಕುತ್ತಿದ್ದಳೇ ಎಂದು ನಾನು ಡಾಕ್ಟರನ್ನು ಕೇಳಿದೆ. "ಅದು ಹೇಳಾಕ ಬರೂದಿಲ್ರಿ" ಎಂದರು.

ಅಲ್ಲಿಂದ ಸಮಾಧಾನದ ಸಂತೆ ಶುರುವಾಯಿತು. ಆಯುಷ್ಯ ಮುಗಿದಿತ್ತು. ಹಣೆಯಲ್ಲಿ ಬರೆದದ್ದನ್ನು ತಪ್ಪಿಸುವವರು ಯಾರು. ಡಾಕ್ಟರೇ ಹೇಳಲಿಲ್ಲವೇ, ಮೊದಲು ಬಂದಿದ್ದರೂ ಅಷ್ಟೇ ಎಂದು. ಇಲ್ಲ, ಡಾಕ್ಟರು ಹಾಗೆ ಹೇಳಲಿಲ್ಲ. ಹೇಳಲು ಬರುವುದಿಲ್ಲ ಎಂದರು. ಬದುಕುತ್ತಿದ್ದಳೋ ಇಲ್ಲವೋ ಎನ್ನುವುದು ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ಅವಕಾಶವನ್ನು ಒಂದು ಪ್ಲಾಸ್ಟಿಕ್ ಹಾಳೆ ಕಸಿದುಕೊಂಡಿತು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದು, ಏನು ಬಿಸಿಲವ್ವ ಈ ವರ್ಷ ಎಂದರು. ಆ ಮಾತು ಕೇಳಿದಾಗಲೆಲ್ಲ ಶವದ ಪಕ್ಕದಲ್ಲಿ ಕೂತ ನನಗೆ ಅವಳೇ ಎದ್ದು ಬೈದರೆ ಸಾಕು ಅನಿಸುತ್ತಿತ್ತು.

ಮರುದಿನ ಮಧ್ಯಾಹ್ನ ಊರೊಳಗಿನ ಮನೆಯಿಂದ ತೋಟಕ್ಕೆ ಅವಳ ಕೊನೆಯ ಹಾದಿ. ನೆರೆಮನೆಯವರ ಪಿಕಪ್ ಗಾಡಿಗೆ ಬಾಳೆಕಂಬ ಕಟ್ಟಿ, ಅವಳನ್ನು ಕೂಡಿಸಿದ್ದರು. ಮುಂದೆ ಭಜನೆಯವರು. ಗಾಡಿ ಅವರ ಹಿಂದೆ ಹೆಜ್ಜೆಯ ಮೇಲೆ ಹೆಜ್ಜೆ ಹೋಗಬೇಕು. ನಾನು ಹೊರಗೆ ಬಂದು ನೋಡಿದೆ. ಗಾಡಿಯ ಮೂತಿಗೆ ಫ್ಲೆಕ್ಸ್.

ಬೀಗರು ರಾತ್ರಿಯೇ ಮಾಡಿಸಿ ತಂದಿದ್ದರು. ಭಾವಪೂರ್ಣ ಶ್ರದ್ಧಾಂಜಲಿ. ನಡುವೆ ಅತ್ತೆಯ ಮುಖ, ಗಾಡಿಯ ಅಗಲಕ್ಕೆ. ಹತ್ತಿರ ಹೋದೆ. ಫೋಟೋದಲ್ಲಿ ಅವಳ ಕೊರಳು ನುಣ್ಣಗಿತ್ತು. ಫ್ಲೆಕ್ಸಿನವನು ಕಂಪ್ಯೂಟರಿನಲ್ಲಿ ಸುಟ್ಟ ಕಲೆಯನ್ನು ಅಳಿಸಿ ಚೆಂದ ಮಾಡಿಕೊಟ್ಟಿದ್ದ. ಇಡೀ ಜನ್ಮ ಸೆರಗು ಹೊದೆಯದೆ ತೋರಿಸಿದ ಕೊರಳನ್ನು ಅಳಿಸಿ, ಅವಳ ಮುಖದಿಂದಲೇ ಗಾಡಿಯ ಉಸಿರು ಕಟ್ಟಿದ್ದರು.

ಒಂದು ಮೂಲೆ ಹಿಡಿದು ಎಳೆದೆ. ಹಗ್ಗ ಬಿಗಿಯಾಗಿತ್ತು. ಭಜನೆ ನಿಂತಿತು. ಬೀಗತಿ ಮುಂದೆ ಬಂದು, "ಇವತ್ತರೇ ಸುಮ್ನಿರಬಾರದೇನವ್ವ? ಹಿರೇಮನಷ್ಯಾಳ ಮಣ್ಣಿಗೆ ಹೊಂಟೇವಿ. ಎಲ್ಲಾರೂ ನೋಡಾಕತ್ತಾರ" ಎಂದಳು.

"ನೋಡಲಿ. ಹಿಂದ ಕಟ್ರಿ, ಬೇಕಾರ ಬಾಜೂಕ ಕಟ್ರಿ. ಮೂತೀಗೆ ಕಟ್ಟಾಕ ನಾ ಬಿಡಾಂಗಿಲ್ಲ. ಬಿಸಿಲು ತನ್ನ ಕೆಲಸ ಮಾಡತೈತಿ. ನಾವು ನಮ್ಮ ಕೆಲಸ ಮಾಡೂಣು."

ಮಾತು ಅವಳದು, ದನಿ ಕೂಡ ಅವಳದೇ ಆಗಿ ಬಂತು. ಯಾರೂ ಮುಂದೆ ಬರಲಿಲ್ಲ. ನಾನು ಗಂಟಿನೊಡನೆ ಗುದ್ದಾಡುತ್ತಿರುವಾಗ ಫ್ಲೆಕ್ಸಿನ ಇನ್ನೊಂದು ತುದಿ ಸಡಿಲಾಯಿತು. ನೋಡಿದರೆ ಅತ್ತೆಯ ಮಗಳು. ಆ ಕಡೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು. ಅವಳ ಅತ್ತೆ, ಆ ಬೀಗತಿ, ಪಕ್ಕದಲ್ಲೇ ನಿಂತಿದ್ದಳು. ಮಗಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಇಬ್ಬರೂ ಫ್ಲೆಕ್ಸ್ ಮಡಚಿ ಹಿಂದೆ ಇಟ್ಟೆವು. ಡ್ರೈವರ್ ಚಾಲೂ ಮಾಡಿ ಗೇರ್ ಹಾಕಲು ಹೋದ. ನಾನು ಬೆರಳೆತ್ತಿ ತಡೆದೆ. ಅಷ್ಟು ಜನ ಬಿಸಿಲಿನಲ್ಲಿ ನಿಂತು ಕಾದರು. ಏನು ಕಾಯುತ್ತಿದ್ದೇವೆ ಎಂದು ಮನೆಯವರಿಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಿತು.

"ಹಾಂ. ಈಗ ನಡಿ" ಎಂದಳು ಅತ್ತೆಯ ಮಗಳು.